ಗಡಿ ದಾಟಿದ ಗೌನು

ನಗು ಬರುವ ಪ್ರಸಂಗಗಳೆಲ್ಲ ನಗಬಾರದ ಹೊತ್ತಿನಲ್ಲೇ ನನ್ನನ್ನು ಹುಡುಕಿಕೊಂಡು ಬರುತ್ತವೆ. ಅದು ನನ್ನ ಹಣೆಬರಹ. ಮದುವೆ ಮನೆಗೆ ಹೋದರೂ ನನ್ನದು ಸಂತಾಪ ಸೂಚಿಸಲು ಬಂದವನ ಮುಖ ಎಂದು ನನ್ನ ಹೆಂಡತಿ ಹೇಳುತ್ತಿರುತ್ತಾಳೆ. ಇಂಥ ಮುಖದವನ ತಲೆಗೇ ನಮ್ಮ ಡೀನ್ ಸಾಹೇಬರು ಒಂದು ಸಂಭ್ರಮಾಚರಣೆಯ ಜವಾಬ್ದಾರಿ ಕಟ್ಟಿದರು.

ಕೊರೊನಾದ ಎರಡನೇ ಅಲೆಯ ದಿನಗಳು ಅವು. ಬೆಳಿಗ್ಗೆ ಎದ್ದು ಮೊಬೈಲ್ ಬಿಚ್ಚಿದರೆ ಗೊತ್ತಿದ್ದವರ ಯಾರದಾದರೂ ಒಂದು ಫೋಟೋ, ಅದರ ಕೆಳಗೆ ಸಾಲಾಗಿ ‘ಓಂ ಶಾಂತಿ’. ನೋಡಿ ನೋಡಿ ನಮಗೆ ಅದೇ ರೂಢಿಯಾಗಿಬಿಟ್ಟಿತ್ತು. ಒಮ್ಮೆ ನಮ್ಮ ಬೀದಿಯ ನಿವೃತ್ತ ಮೇಷ್ಟರ ಫೋಟೋ ಗ್ರೂಪಿನಲ್ಲಿ ಬಂತು. ನಾನೂ ನಿಟ್ಟುಸಿರು ಬಿಟ್ಟು ‘ಓಂ ಶಾಂತಿ’ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವರೇ ಫೋನ್ ಮಾಡಿ, ಇವತ್ತು ತಮ್ಮ ಹುಟ್ಟುಹಬ್ಬವೆಂದೂ, ತಾವು ಇನ್ನೂ ಇದ್ದೇವೆಂದೂ ಬಹಳ ಸೌಜನ್ಯದಿಂದ ತಿಳಿಸಿದರು.

ಮೌನಾಚರಣೆ

ನಾನು ಪಾಠ ಮಾಡುವುದು ಮಧುಗಿರಿಯಲ್ಲಿ, ಒಂದು ವಿಶ್ವವಿದ್ಯಾಲಯಕ್ಕೆ ಸೇರಿದ ಸಮಾಜಕಾರ್ಯ ಸ್ಕೂಲಿನಲ್ಲಿ. ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ ಕಡೆಯ ಹಳ್ಳಿಗಳ ಮಕ್ಕಳು ಎರಡು ವರ್ಷ ಓದಿ ಎಂ.ಎಸ್.ಡಬ್ಲ್ಯು. ಮಾಡುತ್ತಾರೆ. ಆ ವರ್ಷ ಪಾಸಾದವರಿಗೆ ಪದವಿ ಸಮಾರಂಭವೇ ಇಲ್ಲವೆಂದಾಯಿತು. ಹುಡುಗರು ಬೇಸರಪಟ್ಟರು. ಆಗ ಡೀನ್ ಸಾಹೇಬರು ಮೊಬೈಲಿನಲ್ಲೇ ಸಮಾರಂಭ ಮಾಡೋಣ ಎಂದು ಆನ್‌ಲೈನ್ ಸಭೆ ಕರೆದರು.

ಸಭೆಯ ಹಿಂದಿನ ದಿನ ನನಗೊಂದು ಫೋನ್ ಬಂದಿತ್ತು. ಪಾವಗಡ ತಾಲ್ಲೂಕಿನ ರಾಯಚರ್ಲು ಕಡೆಯಿಂದ. ನಮ್ಮಲ್ಲಿ ಮೊದಲ ರ‍್ಯಾಂಕ್ ಪಡೆದಿದ್ದ ಹುಡುಗಿಯ ಅಪ್ಪ, ಕುರಿ ಕಾಯುವವರು. ಸೋಲಾರ್ ಫಲಕಗಳ ಸಾಲುಗಳ ನಡುವೆ ಕುರಿ ಬಿಟ್ಟುಕೊಂಡು, ಫಲಕದ ನೆರಳಿನಲ್ಲಿ ಕೂತು ಮಾತಾಡುತ್ತಿದ್ದೇನೆ ಎಂದರು. ಪಾವಗಡದ ಯಾವುದೋ ಸ್ಟುಡಿಯೋದ ಗೋಡೆಯ ಮೇಲೆ ಗೌನು ಹಾಕಿಕೊಂಡ ಹುಡುಗಿಯ ಫೋಟೋ ನೋಡಿದ್ದರಂತೆ.

“ಆ ಕರೀ ಅಂಗೀನಾಗೆ ನಮ್ ಪಾಪನ್ನ ಒಂದು ಸಾರಿ ನೋಡ್ಬೇಕು ಸಾರ್,” ಎಂದರು. “ಇನ್ನೇನೂ ಬ್ಯಾಡ ನಂಗೆ.”

ಇದನ್ನು ಸಭೆಯಲ್ಲಿ ಹೇಳಿದೆ. ಎಲ್ಲರಿಗೂ ಸರಿ ಎನ್ನಿಸಿತು. ಆದರೆ ಗೌನುಗಳೆಲ್ಲ ಇದ್ದದ್ದು ವಿಶ್ವವಿದ್ಯಾಲಯದ ಸಭಾಂಗಣದಲ್ಲಿ. ಸಭಾಂಗಣ ಆಗಲೇ ಕೋವಿಡ್ ಆರೈಕೆ ಕೇಂದ್ರವಾಗಿ, ಸಾಲಾಗಿ ಮಂಚ ಹಾಕಿ ಜನರನ್ನು ಮಲಗಿಸಿದ್ದರು. ಚಳಿ ಎಂದವರಿಗೆ ಗೌನುಗಳನ್ನೇ ಹೊದಿಸಿದ್ದಾರೆ ಎಂದೂ ಸುದ್ದಿ ಇತ್ತು. ಹಾಗಾಗಿ ನಮ್ಮ ಪಾಲಿಗೆ ಉಳಿದದ್ದು ಒಂದೇ ಒಂದು ಗೌನು. ಹಿಂದಿನ ವರ್ಷ ಯಾರೋ ವಾಪಸು ಕೊಡದೆ ಇಟ್ಟುಕೊಂಡು, ಆಮೇಲೆ ಮನಸ್ಸು ತಡೆಯದೆ ನಮ್ಮ ಬೀರುವಿನಲ್ಲಿ ತಂದಿಟ್ಟು ಹೋಗಿದ್ದದ್ದು.

ಒಂದೇ ಗೌನು ಮೂರು ತಾಲ್ಲೂಕು ಸುತ್ತಬೇಕು, ಅದನ್ನು ಹಾಕಿಕೊಂಡು ಒಬ್ಬೊಬ್ಬರೂ ವಿಡಿಯೋ ಮಾಡಿ ನನಗೆ ಕಳಿಸಬೇಕು, ಭಾನುವಾರದ ಸಮಾರಂಭದಲ್ಲಿ ಅವನ್ನೆಲ್ಲ ತೋರಿಸಬೇಕು ಎಂದು ತೀರ್ಮಾನವಾಯಿತು. ಬಸ್ಸಿಲ್ಲದ ಕಾಲ, ಹಾಲಿನ ಗಾಡಿಯೇ ಗತಿ. ಪಾವಗಡಕ್ಕೆ ಹೋಗಲು ನಡುವೆ ಆಂಧ್ರ ದಾಟಬೇಕು, ಅದಕ್ಕೆ ಪಾಸು ಬೇಕು. ಪಾಸು ಬರುವಷ್ಟರಲ್ಲಿ ಕೊರಟಗೆರೆ, ಸಿರಾ ಮುಗಿಸಿ ಪಾವಗಡವನ್ನು ಕೊನೆಗೆ ಇಟ್ಟುಕೊಂಡೆವು.

ಸಭೆಯ ಕೊನೆಗೆ, ಹಿಂದಿನ ವಾರ ತೀರಿಕೊಂಡಿದ್ದ ನಮ್ಮ ಸ್ಕೂಲಿನ ಜವಾನನಿಗಾಗಿ ಮೌನಾಚರಣೆ. ಎಲ್ಲರೂ ಅವರವರ ಮನೆಯಲ್ಲಿ ಎದ್ದು ನಿಂತು ತಲೆ ತಗ್ಗಿಸಿದೆವು. ಅವನು ದಿನಾ ನನಗೆ ಟೀ ತಂದುಕೊಡುತ್ತಿದ್ದವನು, ನನಗೆ ನಿಜಕ್ಕೂ ಕಣ್ಣು ತುಂಬಿತು. ಹೊತ್ತಾಯಿತು. ಇನ್ನೂ ಹೊತ್ತಾಯಿತು. ಡೀನ್ ಸಾಹೇಬರು ಅಲ್ಲಾಡಲಿಲ್ಲ. ದೊಡ್ಡವರೇ ನಿಂತಿರುವಾಗ ನಾವು ಕೂರುವುದು ಹೇಗೆ? ನನ್ನ ಮೊಣಕಾಲು ನೋಯತೊಡಗಿತು. ಅಷ್ಟರಲ್ಲಿ ಡೀನ್ ಸಾಹೇಬರೇ ಫೋನ್ ಮಾಡಿ, “ನೆಟ್ ಹೋಗಿ ಆಗಲೇ ಬಹಳ ಹೊತ್ತಾಯ್ತು, ನಾನು ಊಟಕ್ಕೆ ಕೂತಿದೀನಿ, ಸಭೆ ಮುಗೀತಾ?” ಎಂದು ಕೇಳಿದರು. ನಾವು ಇಷ್ಟು ಹೊತ್ತು ಗೌರವ ಸಲ್ಲಿಸಿದ್ದು ಪರದೆಯ ಮೇಲೆ ನಿಂತುಹೋಗಿದ್ದ ಅವರ ಚಿತ್ರಕ್ಕೆ.

ಕುದಿಸಿದ ಗೌನು

ಮೊದಲ ಪಾಳಿ ಕೊರಟಗೆರೆ ಪಕ್ಕದ ಹಳ್ಳಿಯ ಒಬ್ಬ ಹುಡುಗನದು. ಅವನಿಗೆ ತಂದೆತಾಯಿ ಎರಡೂ ಅಜ್ಜಿಯೇ. ಗೌನು ತಲುಪಿತೆಂದು ಬೆಳಿಗ್ಗೆ ಹೇಳಿದವನು ಸಂಜೆಯಾದರೂ ವಿಡಿಯೋ ಕಳಿಸಲಿಲ್ಲ. ಫೋನ್ ಮಾಡಿದರೆ ಅಜ್ಜಿ ಎತ್ತಿಕೊಂಡರು. ಗೌನು ಎಲ್ಲಿ ಎಂದು ಕೇಳಿದೆ. ಒಲೆಯ ಮೇಲಿದೆ ಎಂದರು.

“ಯಾರ್ಯಾರ ಮೈಮೇಲಿತ್ತೋ, ಎಲ್ಲೆಲ್ಲಿ ತಿರುಕ್ಕೊಂಡು ಬಂತೋ. ಅರಿಶಿನ ಹಾಕಿ ಹಂಡೇಲಿ ಕುದಿಸ್ಬುಟ್ಟೆ ಕಣಪ್ಪ. ನಮ್ಮನೇಲಿರೋದು ಒಂದೇ ಹುಡ್ಗ.”

ಅವರ ಮಗ, ಅಂದರೆ ಈ ಹುಡುಗನ ಅಪ್ಪ, ಹಿಂದಿನ ವರ್ಷ ಮೊದಲ ಅಲೆಯಲ್ಲೇ ಹೋಗಿದ್ದರು. ನಾನು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಸರಿ ಅಜ್ಜಿ, ಚೆನ್ನಾಗಿ ಕುದಿಯಲಿ ಎಂದೆ.

ಕುದಿದ ಗೌನು ಒಣಗಿದಾಗ ಒಳಗಿನ ಅಸ್ತರು ಮುದುಡಿ, ಪಾದ ಮುಟ್ಟುತ್ತಿದ್ದದ್ದು ಮೊಣಕಾಲಿಗೆ ಬಂದು ನಿಂತಿತ್ತು. ಹುಡುಗ ಅದರಲ್ಲೇ ವಿಡಿಯೋ ಮಾಡಿದ. ವಿಡಿಯೋ ಮಾಡುವುದಕ್ಕೆ ಡೀನ್ ಸಾಹೇಬರು ಒಂದು ಉಪಾಯ ಹೇಳಿಕೊಟ್ಟಿದ್ದರು. ಅವರು ತಮ್ಮ ಮನೆಯಲ್ಲಿ ನಿಂತು ಬಲಗಡೆಗೆ ಪ್ರಮಾಣಪತ್ರ ಚಾಚುವುದನ್ನು ಚಿತ್ರ ಮಾಡಿಸಿದ್ದರು. ಹುಡುಗರು ತಮ್ಮ ಮನೆಯಲ್ಲಿ ಎಡಗಡೆಗೆ ಕೈ ಚಾಚಿ ಒಂದು ಕಾಗದ ತೆಗೆದುಕೊಳ್ಳಬೇಕು. ಎರಡನ್ನೂ ಅಕ್ಕಪಕ್ಕ ಜೋಡಿಸಿದರೆ ಡೀನ್ ಸಾಹೇಬರ ಕೈಯಿಂದಲೇ ತೆಗೆದುಕೊಂಡಂತೆ ಕಾಣುತ್ತದೆ.

ಅಜ್ಜಿ ಇದಕ್ಕೆ ಒಪ್ಪಿದರು, ಆದರೆ ದೊಡ್ಡವರ ಕೈಯಿಂದ ತೆಗೆದುಕೊಳ್ಳುವ ಮುಂಚೆ ಕಾಲಿಗೆ ಬೀಳಲೇಬೇಕೆಂದು ಹಟ ಹಿಡಿದರು. ಕಾಲು ಎಲ್ಲಿದೆ ಎಂದು ಹುಡುಗ ಕೇಳಿದನಂತೆ. ಇದ್ದೇ ಇರುತ್ತೆ ಬೀಳು ಎಂದರಂತೆ. ನಾನು ಎರಡು ಚಿತ್ರಗಳನ್ನೂ ಜೋಡಿಸಿ ನೋಡಿದೆ. ಡೀನ್ ಸಾಹೇಬರು ನಗುತ್ತಾ ಪ್ರಮಾಣಪತ್ರ ಚಾಚುತ್ತಾರೆ, ಪಕ್ಕದಲ್ಲಿ ಯಾರೂ ಇಲ್ಲ. ಅವರು ಕೈ ಕೆಳಗಿಳಿಸಿ ಹೊರಟುಹೋದ ಮೇಲೆ ಹುಡುಗ ಭಕ್ತಿಯಿಂದ ಕೆಳಗಿನಿಂದ ಏಳುತ್ತಾನೆ, ಎಡಗಡೆ ನೋಡಿದರೆ ಖಾಲಿ ಗೋಡೆ.

ಅಮ್ಮಿಯ ಅಂಚು

ಆಮೇಲೆ ಗೌನು ಸಿರಾಕ್ಕೆ ಹೋಯಿತು. ಅಲ್ಲಿನ ನಮ್ಮ ವಿದ್ಯಾರ್ಥಿನಿಯ ಮನೆಯವರು ಬಳೆ, ಬಟ್ಟೆಯ ವ್ಯಾಪಾರದವರು. ಅಂಗಡಿ ಮುಚ್ಚಿ ತಿಂಗಳಾಗಿತ್ತು. ಮನೆಯಲ್ಲಿ ಒಬ್ಬ ಚಿಕ್ಕಪ್ಪ ತೀರಿಕೊಂಡು, ಮಣ್ಣಿಗೆ ಹೋಗಲೂ ನಾಲ್ಕು ಜನರಿಗಿಂತ ಹೆಚ್ಚು ಬಿಟ್ಟಿರಲಿಲ್ಲ. ಇಂಥ ಮನೆಗೆ ಗೌನು ಕಳಿಸುವುದೋ ಬೇಡವೋ ಎಂದು ನಾನೇ ಹಿಂದೆಮುಂದೆ ನೋಡಿದೆ. ಹುಡುಗಿ, ಕಳಿಸಿ ಸಾರ್, ಮನೆಯಲ್ಲಿ ಬೇರೆ ಏನಾದರೂ ಮಾತಾಡಲಿ ಎಂದಳು.

ಗೌನು ಬಿಚ್ಚಿ ನೋಡಿದ ಅವಳ ಅಮ್ಮಿಗೆ ಅದರ ಅವಸ್ಥೆ ಕಂಡು ಅಯ್ಯೋ ಎನ್ನಿಸಿತಂತೆ. ಹೆಣ್ಣುಮಗಳು ಮೊಣಕಾಲವರೆಗಿನ ಗೌನು ಹಾಕಿಕೊಂಡು ಡೀನರ ಮುಂದೆ ನಿಲ್ಲುವುದೇ? ತಮ್ಮದೊಂದು ಹಳೆಯ ಬುರ್ಖಾ ಬಿಚ್ಚಿ, ಗೌನಿಗೆ ಒಂದು ಮೊಳ ಅಂಚು ಕೊಟ್ಟು ಹೊಲಿದರು. ಪಾದದವರೆಗೂ ಬಂತು. ಹೊಲಿಗೆ ಗೊತ್ತೇ ಆಗುವುದಿಲ್ಲ ಎಂದು ಹುಡುಗಿ ವಿಡಿಯೋ ಕರೆ ಮಾಡಿ ನನಗೆ ತೋರಿಸಿದಳು.

ಅಮ್ಮಿ ಪಕ್ಕದಲ್ಲೇ ನಿಂತಿದ್ದರು. ಮಗಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಅಷ್ಟು ದಿನ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲವಂತೆ.

“ಸಾರ್, ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ,” ಎಂದರು. “ಇದನ್ನ ಹಾಕ್ಕೊಳೋದಕ್ಕೆ ಎರಡು ವರ್ಷ ಓದಿಸ್ಬೇಕಿತ್ತಾ? ಮನೇಲೇ ನಾಲ್ಕು ಇದ್ದಾವಲ್ಲ.”

ಬೇವಿನ ಮರ

ಗೌನು ಸಿರಾದಿಂದ ಬರಗೂರು ಕಡೆಯ ಒಂದು ಹಳ್ಳಿಗೆ ಹೊರಟ ದಿನವೇ ರಾಯಚರ್ಲಿನ ಹುಡುಗಿಯ ಫೋನ್ ಬಂತು. ಅಪ್ಪನಿಗೆ ಉಸಿರು ಕಟ್ಟಿ, ಪಾವಗಡದ ಆಸ್ಪತ್ರೆಯ ಕೋವಿಡ್ ವಾರ್ಡಿಗೆ ಕರೆದುಕೊಂಡು ಹೋಗಿದ್ದರು. ಮನೆಯವರನ್ನು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅವಳು ಅಳಲಿಲ್ಲ. “ಗೌನು ಎಲ್ಲಿಗೆ ಬಂತು ಸಾರ್?” ಎಂದು ಮಾತ್ರ ಕೇಳಿದಳು. ನಾಳಿದ್ದು ನಿನ್ನ ಕೈಯಲ್ಲಿರುತ್ತದೆ ಎಂದು ನಾನು ಮಾತು ಕೊಟ್ಟೆ. ಪಾಸೂ ಬಂದಿತ್ತು.

ಬರಗೂರು ಕಡೆಯ ಆ ಹಳ್ಳಿಯವರು ಊರ ಬಾಗಿಲಿಗೆ ಜಾಲಿ ಮುಳ್ಳು ಎಳೆದು ಹಾಕಿ, ಹೊರಗಿನವರನ್ನು ಬಿಡುತ್ತಿರಲಿಲ್ಲ. ಅಲ್ಲಿನ ನಮ್ಮ ಹುಡುಗ ವಿಡಿಯೋ ಮುಗಿಸಿ, ಹಾಲಿನ ಗಾಡಿಯವನು ಎತ್ತಿಕೊಂಡು ಹೋಗಲಿ ಎಂದು ಗೌನನ್ನು ಊರ ಗಡಿಯ ಬೇವಿನ ಮರಕ್ಕೆ ನೇತುಹಾಕಿದ. ಸೋಂಕು ತಗುಲದಿರಲಿ ಎಂದು ಅದರ ತೋಳುಗಳಿಗೆ ಬೇವಿನ ಸೊಪ್ಪು ತುಂಬಿದ. ಕುದಿಸಿದ್ದ ಅರಿಶಿನದ ಕಲೆ ಎದೆಯ ಮೇಲೆ ಅಲ್ಲಲ್ಲಿ ಇದ್ದೇ ಇತ್ತು. ಮೇಲೆ ಗೌನಿನ ಜೊತೆಗಿದ್ದ ಟೋಪಿ ಇಟ್ಟು, ಗಾಳಿಗೆ ಬೀಳದಂತೆ ಕೆಂಪು ದಾರದಲ್ಲಿ ಕಟ್ಟಿದ. ಅವತ್ತು ಗಾಡಿಯ ಡ್ರೈವರಿಗೆ ಜ್ವರ ಬಂದು ಗಾಡಿ ಬರಲಿಲ್ಲ.

ನಮ್ಮ ಕಡೆ ಊರಿಗೆ ರೋಗ ಬಂದರೆ ಮಾರಿಯನ್ನು ಗಡಿ ದಾಟಿಸುವ ಪದ್ಧತಿ ಉಂಟು. ಪೂಜೆ ಮಾಡಿ, ಬೇವಿನ ಸೊಪ್ಪಿನೊಂದಿಗೆ ಅಮ್ಮನನ್ನು ಊರ ಗಡಿಯಲ್ಲಿ ಬಿಟ್ಟು ಬರುತ್ತಾರೆ. ಬೆಳಿಗ್ಗೆ ನೋಡಿದ ಪಕ್ಕದ ಊರಿನವರು ಅಮ್ಮನನ್ನು ಇಟ್ಟುಕೊಳ್ಳುವಂತಿಲ್ಲ, ಹಿಂದಕ್ಕೆ ತಳ್ಳುವಂತೆಯೂ ಇಲ್ಲ. ಅವರೂ ಪೂಜೆ ಮಾಡಿ ತಮ್ಮ ಆಚೆಯ ಗಡಿಗೆ ಮುಟ್ಟಿಸಬೇಕು.

ಮುಂದಿನದು ಹೇಳಬೇಕಾಗಿಲ್ಲ. ಪಕ್ಕದ ಊರಿನವರು ಬೆಳಕು ಹರಿದಾಗ ಬಂದು ನೋಡಿದರೆ, ತಮ್ಮ ಕಡೆಗೆ ಮುಖ ಮಾಡಿ, ಬೇವು ತೊಟ್ಟು, ಅರಿಶಿನ ಮೆತ್ತಿಕೊಂಡು ಕಪ್ಪಗೆ ಒಂದು ಆಕೃತಿ ನಿಂತಿದೆ. ನಮ್ಮ ಮೇಲೆ ಬಿಟ್ಟವ್ರಲ್ಲಪ್ಪಾ ಎಂದು ನಮ್ಮ ಹುಡುಗನ ಊರನ್ನು ಬೈದುಕೊಂಡರು. ತೆಂಗಿನಕಾಯಿ ಒಡೆದು, ನಿಂಬೆಹಣ್ಣು ಇಳಿ ತೆಗೆದು, ತಮಟೆ ಬಡಿಸಿ ಮುಂದಿನ ಗಡಿಗೆ ಕಳಿಸಿದರು. ಅಲ್ಲಿಯವರು ಇನ್ನೂ ಭಕ್ತರು, ಕೋಳಿಯನ್ನೂ ಕೊಟ್ಟರಂತೆ. ಕೊರಟಗೆರೆಯ ಅಜ್ಜಿ ಕುದಿಸಿ, ಸಿರಾದ ಅಮ್ಮಿ ಬುರ್ಖಾದ ಅಂಚು ಕೊಟ್ಟ ನಮ್ಮ ಗೌನು ಹೀಗೆ ಊರಿಂದೂರಿಗೆ ಮೆರವಣಿಗೆಯಲ್ಲಿ ಹೋಯಿತು.

ನಾನು ಒಂದೊಂದೇ ಊರಿಗೆ ಫೋನ್ ಮಾಡಿಕೊಂಡು ಬೆನ್ನು ಹತ್ತಿದೆ. ಪ್ರತಿ ಊರಿನಲ್ಲೂ, ಅಮ್ಮ ನಿನ್ನೆಯೇ ಹೋದಳು ಎಂಬ ಉತ್ತರ. ಕೊನೆಗೆ ಆಂಧ್ರದ ಗಡಿಯ ಊರಿನ ಯಜಮಾನರು ಸಿಕ್ಕರು. ಹಿಂದಿನ ಸಂಜೆ ಅವರೇ ಮುಂದೆ ನಿಂತು ಗೌನನ್ನು ಗಡಿ ದಾಟಿಸಿದ್ದರು. ನಾನು ಎಲ್ಲವನ್ನೂ ವಿವರಿಸಿ, ಆಸ್ಪತ್ರೆಯಲ್ಲಿರುವ ಅಪ್ಪನ ವಿಷಯವನ್ನೂ ಹೇಳಿ, ಯಾರನ್ನಾದರೂ ಕಳಿಸಿ ತರಿಸಿಕೊಡಿ ಎಂದು ಅಂಗಲಾಚಿದೆ.

“ಸಾರ್, ನೀವು ಓದಿರೋರು,” ಎಂದರು ಯಜಮಾನರು. “ಕಳ್ಸಿದ ಮಾರೀನ ಯಾರಾದ್ರೂ ವಾಪಸ್ ಕರೆಸ್ಕೊಂತಾರಾ?”

ಅದು ಮಾರಿಯಲ್ಲ, ಎಂ.ಎಸ್.ಡಬ್ಲ್ಯು. ಗೌನು ಎಂದೆ. ಪಾಪ, ನನ್ನ ಮಾತನ್ನು ತಳ್ಳಿಹಾಕುವ ಮನಸ್ಸು ಅವರಿಗಿರಲಿಲ್ಲ.

“ಇರ್ಬೋದು ಸಾರ್. ಆದ್ರೆ ನಿನ್ನೆ ತನಕ ನಮ್ಮೂರಾಗೆ ದಿನಕ್ಕೊಂದು ಹೆಣ ಏಳ್ತಿತ್ತು. ಅದು ದಾಟಿದ ಮ್ಯಾಲೆ ಯಾರೂ ಹೋಗಿಲ್ಲ.”

ಸಮಾಜಕಾರ್ಯ ಎಂದರೇನು ಎಂದು ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ. ಆ ಗೌನು ಹಾಕಿಕೊಂಡ ಯಾರೂ ಅದರ ಅರ್ಧದಷ್ಟು ಸಮಾಜಕಾರ್ಯ ಮಾಡಿದ್ದನ್ನು ಕಂಡಿಲ್ಲ. ಫೋನ್ ಇಟ್ಟೆ.

ಸಮಾರಂಭ

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ರಾಯಚರ್ಲಿನ ಹುಡುಗಿಯ ಅಪ್ಪ ಮನೆಗೆ ವಾಪಸು ಬರಲಿಲ್ಲ. ಸಮಾರಂಭ ಆದ ಮಾರನೆಯ ದಿನ ಹೋಗಿಬಿಟ್ಟರು. ನಗುವ ಭಾಗ ಹೇಳುತ್ತಾ ಹೇಳುತ್ತಾ ನನಗೆ ಅದನ್ನು ನಡುವೆ ತರಲು ಆಗುವುದಿಲ್ಲ, ಅದಕ್ಕೇ ಈಗಲೇ ಹೇಳಿದೆ.

ಗೌನು ಸಿಗಲಿಲ್ಲ ಎಂದು ಶನಿವಾರ ಹುಡುಗಿಗೆ ಹೇಳಿದಾಗ ಅವಳು, ಇರಲಿ ಸಾರ್, ಅಪ್ಪನಿಗೆ ನಾನು ಕಂಡರೆ ಸಾಕು ಎಂದಳು. ವಾರ್ಡಿನ ನರ್ಸಮ್ಮ ಒಬ್ಬರು ತಮ್ಮ ಮೊಬೈಲಿನಲ್ಲೇ ಅಪ್ಪನಿಗೆ ಸಮಾರಂಭ ತೋರಿಸಲು ಒಪ್ಪಿದ್ದರು. ಮೊದಲ ರ‍್ಯಾಂಕಿನವಳು ವಿಡಿಯೋ ಕಳಿಸದೆ ನೇರವಾಗಿಯೇ ಎರಡು ಮಾತಾಡುವುದೆಂದು ಏರ್ಪಾಡಾಯಿತು.

ಭಾನುವಾರ ಬೆಳಿಗ್ಗೆ ಪರದೆಯ ತುಂಬ ಚಿಕ್ಕ ಚಿಕ್ಕ ಚೌಕಗಳು. ಒಂದರಲ್ಲಿ ಅಜ್ಜಿ ಮೊಬೈಲಿಗೆ ಕುಂಕುಮ ಇಡುತ್ತಿದ್ದರು. ಒಂದರಲ್ಲಿ ಅಮ್ಮಿ. ಒಂದರಲ್ಲಿ ಆಸ್ಪತ್ರೆಯ ಮಂಚ, ಆಮ್ಲಜನಕದ ಮಾಸ್ಕು ಹಾಕಿಕೊಂಡ ಒಂದು ಮುಖ. ಯಂತ್ರದ ಬೀಪ್ ಬೀಪ್ ಎಲ್ಲರಿಗೂ ಕೇಳಿಸುತ್ತಿತ್ತು. ಅದನ್ನು ಮ್ಯೂಟ್ ಮಾಡುವ ಗುಂಡಿ ನನ್ನ ಕೈಯಲ್ಲೇ ಇತ್ತು. ಒತ್ತಲು ಮನಸ್ಸಾಗಲಿಲ್ಲ.

ಇನ್ನೊಂದು ಚೌಕದಲ್ಲಿ ನಮ್ಮ ಹುಡುಗಿ. ನೋಡಿದರೆ ಹೆಗಲಿಂದ ಕೆಳಗೆ ಕಪ್ಪಗೆ, ನೆರಿಗೆ ಹಿಡಿದು, ಗಂಭೀರವಾಗಿ ಗೌನು. ನನಗೆ ತಲೆ ಕೆಟ್ಟಿತು. ಆಂಧ್ರಕ್ಕೆ ಹೋದದ್ದು ಹೇಗೆ ವಾಪಸು ಬಂತು? ಅಷ್ಟರಲ್ಲಿ ಡೀನ್ ಸಾಹೇಬರು ನನಗೆ ಸಂದೇಶ ಕಳಿಸಿದರು: ‘ಗೌನು ಸಿಕ್ಕಿತಲ್ಲ, ಶಭಾಷ್. ಎಲ್ಲರಿಗಿಂತ ಇವಳಿಗೇ ಸರಿಯಾಗಿ ಒಪ್ಪಿದೆ.’ ನಾನು ಕೈ ಮುಗಿಯುವ ಚಿತ್ರ ಕಳಿಸಿ ಸುಮ್ಮನಾದೆ.

ಮುಖ್ಯ ಅತಿಥಿಗಳು ಭಾಷಣ ಶುರು ಮಾಡಿದರು. ದೊಡ್ಡ ಅಧಿಕಾರದಲ್ಲಿದ್ದು ನಿವೃತ್ತರಾದವರು. ತಾವು ಚಿಕ್ಕವರಿದ್ದಾಗ ಎಷ್ಟು ದೂರ ನಡೆದು ಓದಿದೆವು ಎಂಬಲ್ಲಿಂದ ಹಿಡಿದು, ಇನ್ನೂ ಮಿಡ್ಲ್ ಸ್ಕೂಲಿಗೇ ಬಂದಿದ್ದರು. ಹುಡುಗಿಯ ಸರದಿ ಅವರ ನಂತರ. ಆಸ್ಪತ್ರೆಯ ಚೌಕದಲ್ಲಿ ಅಪ್ಪನ ಕಣ್ಣು ಮುಚ್ಚಿ ಮುಚ್ಚಿ ಬರುತ್ತಿತ್ತು. ಅಷ್ಟು ದೊಡ್ಡವರನ್ನು ನಡುವೆ ನಿಲ್ಲಿಸುವ ಧೈರ್ಯ ನನಗೆಲ್ಲಿಂದ ಬರಬೇಕು?

ಆ ಕೆಲಸವನ್ನು ಅಪ್ಪನೇ ಮಾಡಿದರು. ಮಾಸ್ಕನ್ನು ಪಕ್ಕಕ್ಕೆ ಸರಿಸಿ, ನರ್ಸಮ್ಮ ಬೇಡ ಬೇಡ ಎನ್ನುತ್ತಿದ್ದರೂ ಕೇಳದೆ, ಕುರಿ ಕೂಗಿ ರೂಢಿಯಾದ ಗಂಟಲಿನಲ್ಲಿ ಉಳಿದಿದ್ದಷ್ಟನ್ನೂ ಸೇರಿಸಿ ಹೇಳಿದರು.

“ಆ ಸ್ವಾಮಿನ ಒಂದೀಟು ಸುಮ್ಕಿರಕ್ಕೆ ಹೇಳವ್ವಾ. ನಮ್ ಪಾಪನ್ನ ತೋರ್ಸು.”

ಮುಖ್ಯ ಅತಿಥಿಗಳು ತಕ್ಷಣ ನಿಲ್ಲಿಸಿದರು. ನಾನು ಯಾರ ಅಪ್ಪಣೆಗೂ ಕಾಯದೆ ಗುಂಡಿ ಒತ್ತಿ ಹುಡುಗಿಯನ್ನು ಎಲ್ಲರ ಪರದೆಯ ಮೇಲೂ ದೊಡ್ಡದಾಗಿ ತೋರಿಸಿದೆ. ಅವಳು ಎದ್ದು ನಿಂತಳು. ಡೀನ್ ಸಾಹೇಬರು ಚಪ್ಪಾಳೆಗೆ ಕೈ ಎತ್ತಿದ್ದರು. ಅಪ್ಪ ನರ್ಸಮ್ಮನ ಮೊಬೈಲನ್ನು ಹತ್ತಿರಕ್ಕೆ ಎಳೆದುಕೊಂಡು, ಕಣ್ಣು ಕಿರಿದು ಮಾಡಿ ಮಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು.

“ಏಮೇ ಪಾಪಾ, ನನ್ ಕಂಬ್ಳಿ ಯಾಕೆ ಹೊದ್ಕೊಂಡಿದೀಯ? ಕುರಿ ತಾವ ಯಾರವ್ರೆ?”

ನಮಗ್ಯಾರಿಗೂ ಗೊತ್ತಾಗದ್ದು ಅವರಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಅದು ದಿನಾ ಅವರ ಹೆಗಲ ಮೇಲೆ ಇರುತ್ತಿದ್ದ ಕರಿ ಕಂಬಳಿ. ಆ ಮನೆಯಲ್ಲಿ ಕಂಬಳಿ ಹೊದ್ದವರು ಕುರಿಯ ಹಿಂದೆ ಇರಬೇಕು, ಮನೆಯಲ್ಲಿದ್ದಾರೆಂದರೆ ಮಂದೆಗೆ ದಿಕ್ಕಿಲ್ಲವೆಂದೇ ಲೆಕ್ಕ.

“ಅವ್ವ ಅವ್ಳೆ ಕಣಪ್ಪಾ,” ಎಂದಳು ಹುಡುಗಿ. “ಗೌನು ಬರ್ಲಿಲ್ಲ. ಅದಕ್ಕೆ ನಿಂದೇ ಹೊದ್ಕೊಂಡೆ.”

ಅಪ್ಪ ಮತ್ತೊಮ್ಮೆ ಮಗಳನ್ನು ಮೇಲಿಂದ ಕೆಳಗೆ ನೋಡಿದರು. ಅಮ್ಮಿ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನ್ನ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ.

“ಅಂಗೋ,” ಎಂದರು ಅಪ್ಪ. “ಇದೇ ಚೆನ್ನಾಗೈತೆ ಬುಡು.”

ನರ್ಸಮ್ಮ ಮಾಸ್ಕು ಹಾಕಲು ಬಂದರು. ಅಪ್ಪ ಕೈಯಿಂದಲೇ ಅವರನ್ನು ತಡೆದು, ಬಾಯಿ ಮುಚ್ಚಿ ಕೂತಿದ್ದ ಮುಖ್ಯ ಅತಿಥಿಗಳಿಗೆ ಹೇಳಿದರು.

“ಹೂಂ, ಈಗ ಮಾತಾಡಪ್ಪಾ ನೀನು.”